ಜಹೀರಾಬಾದ್, ಬಿಡದಿ, ಸಂಭಾಜಿನಗರ: ಜಪಾನಿ ಗಾಡಿಗಳ ದಾರಿ

ಜಪಾನಿನ ವಾಹನ ಕಂಪನಿಗಳು ಈ ಸೀಮೆಗೆ ಬಂದ ಕಥೆಯನ್ನು ಬೆಂಗಳೂರಿನವರು ಬಿಡದಿಯಿಂದ ಶುರು ಮಾಡುತ್ತಾರೆ. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿಯವರು ಅದನ್ನು ಜಹೀರಾಬಾದಿನಿಂದ ಶುರು ಮಾಡಬೇಕು. ಈಗ ತೆಲಂಗಾಣದಲ್ಲಿರುವ ಆ ಊರು 1956ರ ರಾಜ್ಯ ಪುನರ್ವಿಂಗಡಣೆಯ ತನಕ ಬೀದರ್ ಜಿಲ್ಲೆಯಲ್ಲಿತ್ತು. 1980ರ ದಶಕದಲ್ಲಿ ಹಗುರ ಲಾರಿಗಳ ತಯಾರಿಕೆಗೆ ಜಪಾನಿನ ತಂತ್ರಜ್ಞಾನ ತರಲು ಕೇಂದ್ರ ಸರ್ಕಾರ ಅನುಮತಿ ಕೊಟ್ಟಾಗ ನಾಲ್ಕು ಜೋಡಿಗಳು ಹುಟ್ಟಿದವು: ಡಿಸಿಎಂ–ಟೊಯೋಟಾ, ಸ್ವರಾಜ್–ಮಜ್ದಾ, ಐಷರ್–ಮಿತ್ಸುಬಿಷಿ, ಆಲ್ವಿನ್–ನಿಸ್ಸಾನ್. ಕೊನೆಯ ಜೋಡಿ ನೆಲೆಯೂರಿದ್ದು ಜಹೀರಾಬಾದಿನಲ್ಲಿ, ಮುಂಬೈ–ಹೈದರಾಬಾದ್ ಹೆದ್ದಾರಿಗೆ ಹೊಂದಿಕೊಂಡು. ಹೈದರಾಬಾದಿನ ಆಲ್ವಿನ್ ಆಗಲೇ ಹಳೆಯ ಹೆಸರು, ನಿಜಾಮರ ಆಳ್ವಿಕೆಯಲ್ಲಿ 1942ರಲ್ಲಿ ಹುಟ್ಟಿದ್ದು.

ಆ ಮದುವೆ ಬಹಳ ದಿನ ಬಾಳಲಿಲ್ಲ. 1985ರ ಬಳಿಕ ಯೆನ್ ಬೆಲೆ ಏರಿದ್ದೇ ಏರಿದ್ದು. ಜಪಾನಿನಿಂದ ಬಿಡಿಭಾಗ ತರಿಸಿ ಜೋಡಿಸುತ್ತಿದ್ದವರ ಲೆಕ್ಕಾಚಾರವೆಲ್ಲ ತಲೆಕೆಳಗಾಯಿತು. ಕಾರ್ಖಾನೆ ಮಹೀಂದ್ರ ಕೈಸೇರಿತು, ಕ್ರಮೇಣ ನಿಸ್ಸಾನ್ ಹೆಸರು ಅಳಿಯಿತು. ಗೋಡೆಗಳು ಮಾತ್ರ ಉಳಿದವು; ಈಗ ಅಲ್ಲಿ ಟ್ರ್ಯಾಕ್ಟರ್‌ಗಳೂ ತಯಾರಾಗುತ್ತವೆ. ಹೊರಗಿನ ಬಂಡವಾಳ ಹೊರಟುಹೋದರೂ ಅದು ಕಟ್ಟಿದ ಕಾರ್ಖಾನೆ, ಅದರಲ್ಲಿ ಕೈ ಪಳಗಿಸಿಕೊಂಡ ಕೆಲಸಗಾರರು ಉಳಿಯುತ್ತಾರೆ ಎಂಬುದಕ್ಕೆ ನಮಗೆ ಇಷ್ಟು ಹತ್ತಿರದ ಉದಾಹರಣೆ ಬೇರೆ ಇಲ್ಲ.

ಅದೇ ವರ್ಷಗಳಲ್ಲಿ ಅಮೆರಿಕದಲ್ಲಿ ನಡೆದದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಹೋಂಡಾ 1979ರಲ್ಲಿ ಒಹಾಯೊದ ಮೇರಿಸ್‌ವಿಲ್ ಎಂಬ ರೈತಾಪಿ ಊರಿನಲ್ಲಿ ಮೋಟಾರ್‌ಸೈಕಲ್ ಮಾಡತೊಡಗಿತು, 1982ರಲ್ಲಿ ಕಾರು. ನಡುವೆ, 1981ರಲ್ಲಿ, ಅಮೆರಿಕದ ಒತ್ತಡಕ್ಕೆ ಮಣಿದ ಜಪಾನ್ ತನ್ನ ರಫ್ತನ್ನು ವರ್ಷಕ್ಕೆ 16.8 ಲಕ್ಷ ಕಾರುಗಳಿಗೆ ಮಿತಿಗೊಳಿಸಿತ್ತು. ಹಡಗಿನಲ್ಲಿ ಕಳಿಸಲಾಗದಿದ್ದರೆ ಅಲ್ಲೇ ಹೋಗಿ ಮಾಡಬೇಕು. ನಿಸ್ಸಾನ್ 1983ರಲ್ಲಿ ಟೆನೆಸಿಯ ಸ್ಮರ್ನಾಕ್ಕೆ ಹೋಯಿತು. ಟೊಯೋಟಾ 1988ರಲ್ಲಿ ಕೆಂಟಕಿಯ ಜಾರ್ಜ್‌ಟೌನಿನಲ್ಲಿ ಕ್ಯಾಮ್ರಿ ಹೊರತಂದಿತು. ಇವರೆಲ್ಲ ಕಾರ್ಮಿಕ ಸಂಘಗಳು ಬಲವಾಗಿದ್ದ ಡೆಟ್ರಾಯಿಟ್ ಬಿಟ್ಟು ಮೆಕ್ಕೆಜೋಳ, ತಂಬಾಕು ಬೆಳೆಯುವ ಹಳ್ಳಿಗಾಡನ್ನು ಹುಡುಕಿಕೊಂಡು ಹೋದರು. ಕೆಂಟಕಿ ಸರ್ಕಾರ ಕೊಟ್ಟ ರಿಯಾಯಿತಿಗಳ ಮೇಲೆ ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯದವರೆಗೂ ಜಗಳ ನಡೆಯಿತು.

ಜನರ ಮನಸ್ಸು ಗೆಲ್ಲುವುದು ಆ ಕಂಪನಿಗಳಿಗೆ ಬರೀ ದಾನಧರ್ಮವಾಗಿರಲಿಲ್ಲ. ಜಪಾನಿ ಕಾರುಗಳ ಮೇಲಿನ ಸಿಟ್ಟು ಕುದಿಯುತ್ತಿದ್ದ 1982ರಲ್ಲಿ, ಡೆಟ್ರಾಯಿಟ್ ಪಕ್ಕದಲ್ಲಿ ವಿನ್ಸೆಂಟ್ ಚಿನ್ ಎಂಬ ಚೀನೀ ಮೂಲದ ತರುಣನನ್ನು ಬಡಿದು ಕೊಂದಿದ್ದರು. ಅಂಥ ನಾಡಿನಲ್ಲಿ ಬೇರುಬಿಡಬೇಕಾದರೆ ಊರಿನ ಶಾಲೆ, ಕಾಲೇಜು, ಸಣ್ಣಪುಟ್ಟ ಕಾರ್ಖಾನೆಗಳ ಒಳಗೆ ಹೋಗಲೇಬೇಕು. 1992ರಲ್ಲಿ ಟೊಯೋಟಾ ತನ್ನ ಉತ್ಪಾದನಾ ವಿಧಾನವನ್ನು ಹೊರಗಿನವರಿಗೂ ಕಲಿಸುವ ಕೇಂದ್ರವೊಂದನ್ನು ಕೆಂಟಕಿಯಲ್ಲಿ ತೆರೆಯಿತು. ಮುಂದೆ ಅಲ್ಲಿನ ಸಮುದಾಯ ಕಾಲೇಜಿನೊಂದಿಗೆ ಸೇರಿ, ವಾರದಲ್ಲಿ ಕೆಲವು ದಿನ ಪಾಠ, ಕೆಲವು ದಿನ ಸಂಬಳದ ಕೆಲಸ ಎಂಬ ತರಬೇತಿಯನ್ನೂ ಬೆಳೆಸಿತು.

ಕರ್ನಾಟಕದಲ್ಲಿ ಆ ಬಗೆಯ ಹಗೆತನ ಇರಲಿಲ್ಲ, ರಫ್ತಿನ ಮಿತಿಯೂ ಇರಲಿಲ್ಲ, ಸೆಳೆದದ್ದು ಮಾರುಕಟ್ಟೆ. ಟೊಯೋಟಾಕ್ಕೆ ಇಲ್ಲಿ ಪರಿಚಯದ ಮುಖವಾಗಿ ಕಿರ್ಲೋಸ್ಕರ್ ಮನೆತನ ಇತ್ತು. ಆ ಮನೆತನದ ಮೂಲಪುರುಷ ಲಕ್ಷ್ಮಣರಾವ್ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು, ಕಬ್ಬಿಣದ ನೇಗಿಲು ಮಾಡಿ ಹೆಸರಾದವರು. ಟೊಯೋಟಾದ ಬೇರು ಇರುವುದು ಕೈಗಾರಿಕಾ ಮಗ್ಗದಲ್ಲಿ. ಹಾಗಾಗಿ ಇಬ್ಬರೂ ಮೊದಲು ಕೂಡಿದ್ದು ಕಾರಿಗಲ್ಲ, ನೂಲುವ ಯಂತ್ರಗಳಿಗೆ: 1995ರಲ್ಲಿ ಶುರುವಾದ ಕಂಪನಿ ಬೆಂಗಳೂರಿನ ಜಿಗಣಿಯಲ್ಲಿದೆ. ಹತ್ತಿ ಬೆಳೆಯುವ ಜೇವರ್ಗಿಯವರು ಇದನ್ನು ನೆನಪಿಟ್ಟುಕೊಳ್ಳಬೇಕು, ಏಕೆಂದರೆ 2023ರಲ್ಲಿ ಕೇಂದ್ರ ಸರ್ಕಾರ ಪಿಎಂ ಮಿತ್ರ ಜವಳಿ ಪಾರ್ಕುಗಳಲ್ಲಿ ಒಂದನ್ನು ಕಲಬುರಗಿಗೆ ಘೋಷಿಸಿತು. ಜಪಾನಿ ಕಾರು ಬರುವ ಮೊದಲೇ ಜಪಾನಿ ನೂಲಿನ ಯಂತ್ರ ಭೀಮೆಯ ದಂಡೆಗೆ ಬಂದರೆ ಆಶ್ಚರ್ಯವಿಲ್ಲ.

ಟೊಯೋಟಾ ಕಿರ್ಲೋಸ್ಕರ್ ಮೋಟರ್ 1997ರಲ್ಲಿ ಸ್ಥಾಪನೆಯಾಯಿತು. ಬಿಡದಿಯ 432 ಎಕರೆಯಲ್ಲಿ 1999ರ ಡಿಸೆಂಬರಿನಲ್ಲಿ ಕ್ವಾಲಿಸ್ ತಯಾರಾಗತೊಡಗಿತು. 2005ರಲ್ಲಿ ಇನ್ನೋವಾ ಬಂತು, 2010ರಲ್ಲಿ ಎರಡನೇ ಕಾರ್ಖಾನೆ. ಹೋಂಡಾ 2013ರಲ್ಲಿ ಕೋಲಾರದ ನರಸಾಪುರದಲ್ಲಿ ದ್ವಿಚಕ್ರ ವಾಹನಗಳ ಘಟಕ ತೆರೆಯಿತು. 2023ರ ನವೆಂಬರಿನಲ್ಲಿ ಬಿಡದಿಗೇ ಇನ್ನೂ 3,300 ಕೋಟಿ ರೂಪಾಯಿ ಹಾಕುವುದಾಗಿ ಟೊಯೋಟಾ ರಾಜ್ಯ ಸರ್ಕಾರದೊಂದಿಗೆ ಒಪ್ಪಂದ ಮಾಡಿಕೊಂಡಿತು. ಎಲ್ಲವೂ ಬೆಂಗಳೂರಿನ ಆಸುಪಾಸಿನಲ್ಲೇ.

ಬಿಡದಿಯಲ್ಲಿ ಎಲ್ಲವೂ ಸುಖವಾಗಿತ್ತು ಎಂದಲ್ಲ. ಜಾರ್ಜ್‌ಟೌನಿನಲ್ಲಿ ಇಲ್ಲದ ಕಾರ್ಮಿಕ ಸಂಘ ಇಲ್ಲಿದೆ. 2006, 2014, 2020ರಲ್ಲಿ ಜಟಾಪಟಿ ಬೀಗಮುದ್ರೆಯ ತನಕ ಹೋಯಿತು. ಕೊನೆಯದಂತೂ ತಿಂಗಳುಗಟ್ಟಲೆ ಎಳೆಯಿತು.

ಕಂಪನಿ ಸಮುದಾಯಕ್ಕಾಗಿ ಮಾಡಿದ ಕೆಲಸಗಳಲ್ಲಿ ಹೆಚ್ಚು ಕಾಲ ನಿಲ್ಲುವಂಥದ್ದು ನನ್ನ ಮಟ್ಟಿಗೆ ಒಂದೇ: ಬಿಡದಿಯಲ್ಲಿ 2007ರಲ್ಲಿ ಶುರುವಾದ ಟೊಯೋಟಾ ತಾಂತ್ರಿಕ ತರಬೇತಿ ಸಂಸ್ಥೆ. ಹತ್ತನೇ ತರಗತಿ ಮುಗಿಸಿದ ಗ್ರಾಮೀಣ ಮಕ್ಕಳಿಗೆ ಅಲ್ಲೇ ಇದ್ದು ಕಲಿಯುವ ಮೂರು ವರ್ಷದ ತರಬೇತಿ: ವೆಲ್ಡಿಂಗ್, ಪೇಂಟಿಂಗ್, ಜೋಡಣೆ, ಮೆಕಟ್ರಾನಿಕ್ಸ್. ಮೊದಮೊದಲು ಗಂಡುಮಕ್ಕಳಿಗೆ ಮಾತ್ರ ಇತ್ತು, ಬಹಳ ತಡವಾಗಿ ಹೆಣ್ಣುಮಕ್ಕಳಿಗೂ ಬಾಗಿಲು ತೆರೆಯಿತು. 2015ರಲ್ಲಿ ಕಂಪನಿ ರಾಮನಗರದ ಸರ್ಕಾರಿ ಶಾಲೆಗಳಲ್ಲಿ ಶೌಚಾಲಯ ಕುರಿತು ಕೈಗೊಂಡ ಕಾರ್ಯಕ್ರಮವೂ ಜಾಣತನದ್ದು. ಕಟ್ಟಿಸಿಕೊಟ್ಟು ಸುಮ್ಮನಾಗದೆ, ಮನೆಯಲ್ಲೂ ಬೇಕೆಂದು ಮಕ್ಕಳೇ ಹಟ ಹಿಡಿಯುವಂತೆ ಮಾಡಿತು.

ಇಂಥ ಕೆಲಸಗಳಿಗೆ ಕಂಪನಿ ಕೊಡುವ ಹಣ ನಮ್ಮ ಕಡೆ ಏಕೆ ಹರಿಯುವುದಿಲ್ಲ ಎಂದು ಕೇಳುವವರಿದ್ದಾರೆ. ಉತ್ತರ ಕಾನೂನಿನಲ್ಲೇ ಇದೆ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಕೊಡಬೇಕು ಎನ್ನುತ್ತದೆ. ಅದರ ಜೊತೆಗೇ, ತಾವು ವ್ಯವಹಾರ ನಡೆಸುವ ಊರು ಮತ್ತು ಅದರ ಸುತ್ತಮುತ್ತಲಿಗೆ ಆದ್ಯತೆ ಕೊಡಬೇಕು ಎಂದೂ ಹೇಳುತ್ತದೆ. ಕಾರ್ಖಾನೆ ಇದ್ದಲ್ಲಿಗೇ ಕೊಡುಗೆಯೂ ಹೋಗಿ ಸೇರುತ್ತದೆ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ ಆಳಂದ, ಅಫಜಲಪುರ, ಜೇವರ್ಗಿ ಮೂರೂ ಇದ್ದವು. ಈ ಸೆಕ್ಷನ್ ಅಂಥ ಪಟ್ಟಿಯನ್ನು ನೋಡುವುದಿಲ್ಲ. ಸಂವಿಧಾನದ 371ಜೆ ವಿಧಿ ಕಲ್ಯಾಣ ಕರ್ನಾಟಕಕ್ಕೆ ತಂದ ಮೀಸಲಾತಿಯೂ ಸರ್ಕಾರಿ ನೌಕರಿ, ಕಾಲೇಜು ಸೀಟುಗಳದ್ದು. ಖಾಸಗಿ ಕಾರ್ಖಾನೆಯ ಗೇಟಿನೊಳಗೆ ಅದು ನಡೆಯುವುದಿಲ್ಲ.

ನಮ್ಮ ಜಿಲ್ಲೆಗೆ ಬಂದ ಕಾರ್ಖಾನೆಗಳೆಲ್ಲ ನೆಲವನ್ನು ನಂಬಿ ಬಂದವು. ಸುಣ್ಣಕಲ್ಲಿಗಾಗಿ ವಾಡಿ, ಸೇಡಂ, ಮಳಖೇಡದ ಸಿಮೆಂಟ್. ತೊಗರಿಗಾಗಿ ದಾಲ್ ಮಿಲ್. ಕಬ್ಬಿಗಾಗಿ ಆಳಂದದ ಭೂಸನೂರಿನಲ್ಲಿ, ಅಫಜಲಪುರದ ಹವಳಗಾದಲ್ಲಿ ಸಕ್ಕರೆ. ಕಾರಿಗೆ ಬೇಕಾದ್ದು ಬೇರೆಯದೇ ಸರಕು: ನಟ್ಟು, ಬೋಲ್ಟು, ಸೀಟು, ವೈರಿಂಗ್ ಒದಗಿಸುವ ನೂರಾರು ಚಿಕ್ಕ ಕಾರ್ಖಾನೆಗಳು, ಬಂದರಿಗೆ ಹತ್ತಿರದ ದಾರಿ, ಯಂತ್ರದ ಕೆಲಸ ಬಲ್ಲ ಕೈಗಳು. ಅವು ಒಂದು ದಿನದಲ್ಲಿ ಹುಟ್ಟುವುದಿಲ್ಲ.

ಸಂಭಾಜಿನಗರವನ್ನು, ಅಂದರೆ ಹಿಂದಿನ ಔರಂಗಾಬಾದನ್ನು ನೋಡಿ. ನಿಜಾಮರ ಸಂಸ್ಥಾನದಲ್ಲಿ ಔರಂಗಾಬಾದ್, ಗುಲ್ಬರ್ಗ (ಇಂದಿನ ಕಲಬುರಗಿ) ಎರಡೂ ಸರಿಸಮಾನವಾದ ಸುಭಾಗಳು, ಅಂದರೆ ಪ್ರಾಂತ್ಯಗಳು. ಬಜಾಜ್ 1985ರಲ್ಲಿ ಅಲ್ಲಿನ ವಾಳೂಜ್‌ಗೆ ಬಂದಿತು. ಬಿಡಿಭಾಗದ ಕಾರ್ಖಾನೆಗಳು ಅದರ ಬೆನ್ನಿಗೆ ಬಂದವು, ಆಮೇಲೆ ಸ್ಕೋಡಾ. 2024ರ ಜುಲೈಯಲ್ಲಿ ಟೊಯೋಟಾ ಕಿರ್ಲೋಸ್ಕರ್ ಅದೇ ಊರಿಗೆ ಸುಮಾರು 20,000 ಕೋಟಿ ರೂಪಾಯಿಯ ಹೊಸ ಕಾರ್ಖಾನೆಗಾಗಿ ಮಹಾರಾಷ್ಟ್ರದೊಂದಿಗೆ ಒಡಂಬಡಿಕೆಗೆ ಸಹಿ ಹಾಕಿತು. ಬರಗಾಲ, ಸಾಲ, ಗುಳೆ ಎಂದರೆ ಮರಾಠವಾಡಕ್ಕೂ ನಮಗೂ ಹೇಳಿಕೊಳ್ಳುವಂಥ ಅಂತರವಿಲ್ಲ. ನಲವತ್ತು ವರ್ಷ ಹಿಂದೆ ಅವರಿಗೆ ಒಂದು ಸ್ಕೂಟರ್ ಕಾರ್ಖಾನೆ ಸಿಕ್ಕಿತು, ನಮಗೆ ಸಿಗಲಿಲ್ಲ.

ಆಳಂದಕ್ಕೆ ಬಿಡದಿಗಿಂತ ಸಂಭಾಜಿನಗರ ಹತ್ತಿರ. ಉಮರ್ಗಾ, ಅಕ್ಕಲಕೋಟೆಗಳಿಗೆ ಸಂತೆಗೆ, ಬೀಗರ ಮನೆಗೆ ಹೋಗಿಬರುವ ಇಲ್ಲಿನ ಹುಡುಗರಿಗೆ ಮರಾಠಿಯನ್ನು ಯಾರೂ ಕಲಿಸಬೇಕಿಲ್ಲ. ಪುಣೆ, ಮುಂಬೈಗೆ ಗುಳೆ ಹೋಗುವ ಅವರು ಅಲ್ಲಿ ಹೊರುವುದು ಹೆಚ್ಚಾಗಿ ಇಟ್ಟಿಗೆ, ಸಿಮೆಂಟ್. ಅವರ ಕೈಗೆ ವೆಲ್ಡಿಂಗ್ ಟಾರ್ಚು ಬರಬೇಕಾದರೆ ಕಂಪನಿಯ ಬಳಿ ಕಾರ್ಖಾನೆ ಕೇಳಿ ಪ್ರಯೋಜನವಿಲ್ಲ. ರಾಜ್ಯ ಸರ್ಕಾರ ಕೇಳಬೇಕಾದ್ದು ಬಿಡದಿಯ ತರಬೇತಿ ಸಂಸ್ಥೆಯ ಒಂದು ಶಾಖೆಯನ್ನು, ಕಲಬುರಗಿಯ ಐಟಿಐಯೊಂದರ ಕಟ್ಟಡದಲ್ಲೇ ಆದರೂ ಸರಿ. ಆ ತರಬೇತಿಗೆ ಮೂರು ವರ್ಷ ಬೇಕು. ಸಂಭಾಜಿನಗರದಂಥ ಹೊಸ ಕಾರ್ಖಾನೆ ಎದ್ದು ನಿಲ್ಲಲು ಹಿಡಿಯುವುದೂ ಹೆಚ್ಚುಕಡಿಮೆ ಅಷ್ಟೇ.