ಪರಮಾಣುವಿನ ಬೆಂಕಿಯೂ ಚಾಲಕರಹಿತ ವಿಮಾನವೂ

ಗಜೇಂದ್ರಗಡದ ಗುಡ್ಡಗಳ ಮೇಲಣ ಗಾಳಿಯಂತ್ರಗಳನ್ನು ರೋಣ, ನರಗುಂದಗಳ ವಾಚಕರು ಚೆನ್ನಾಗಿ ಬಲ್ಲರು. ಗಾಳಿಯು ನಿಂತರೆ ಅವೂ ನಿಲ್ಲುವವು. ಮೂಲಶಕ್ತಿಯು ಬತ್ತಿದೊಡನೆ ಯಂತ್ರವು ನಿಲ್ಲತಕ್ಕದ್ದೆಂಬ ಈ ನಿಯಮವು ವಿಮಾನಕ್ಕೂ ತಪ್ಪಿದ್ದಲ್ಲ. ಎಣ್ಣೆಯು ತೀರುವದರೊಳಗಾಗಿ ಅದು ನೆಲಕ್ಕೆ ಇಳಿಯಲೇಬೇಕು. ಈ ಕಟ್ಟನ್ನು ಪರಮಾಣುಶಕ್ತಿಯಿಂದ ಹರಿಯಬೇಕೆಂದು ನಡೆದ ಪ್ರಯತ್ನದ ಇತಿಹಾಸವನ್ನು ಇಲ್ಲಿ ಸಂಕ್ಷೇಪವಾಗಿ ನಿರೂಪಿಸುವೆವು.

೧೯೪೬ರಲ್ಲಿ ಅಮೇರಿಕದವರು ಈ ಉದ್ಯೋಗಕ್ಕೆ ಕೈಹಾಕಿದರು. ೧೯೫೫ರಿಂದ ೧೯೫೭ರ ವರೆಗೆ ಅವರ ಒಂದು ದೊಡ್ಡ ವಿಮಾನವು ಪರಮಾಣು ಭಟ್ಟಿಯನ್ನು ಹೊತ್ತು ೪೭ ಸಾರೆ ಹಾರಿತು. ಆದರೆ ಆ ಭಟ್ಟಿಯು ವಿಮಾನವನ್ನು ನೂಕಲಿಲ್ಲ; ಕಿರಣಗಳ ಬಾಧೆಯನ್ನು ಪರೀಕ್ಷಿಸುವದಕ್ಕಾಗಿಯೇ ಅದನ್ನು ಒಯ್ದಿದ್ದರು. ಚಾಲಕರ ರಕ್ಷಣೆಗೆ ಸೀಸ, ರಬ್ಬರುಗಳ ಭಾರವಾದ ಕವಚವು ಬೇಕಾಯಿತು. ಕಾಯುವ ಕವಚವೇ ಹಾರಾಟಕ್ಕೆ ಹೊರೆಯಾಯಿತು. ೧೯೬೧ರಲ್ಲಿ ಅಧ್ಯಕ್ಷ ಕೆನೆಡಿಯವರು ಆ ಕಾರ್ಯವನ್ನು ನಿಲ್ಲಿಸಿದರು.

ವಿಮಾನದಲ್ಲಿ ಮನುಷ್ಯನೇ ಇಲ್ಲದಿದ್ದರೆ ಕವಚವೇತಕ್ಕೆ? 'ಪ್ಲೂಟೋ' ಎಂಬ ಚಾಲಕರಹಿತ ಕ್ಷಿಪಣಿಯ ಯೋಜನೆಯು ಈ ತರ್ಕಕ್ಕೆ ಒಪ್ಪುವಂಥದು. ಮುಂದಿನಿಂದ ನುಗ್ಗಿದ ಗಾಳಿಯು ಭಟ್ಟಿಯೊಳಗಿಂದ ಹಾಯ್ದು, ಕಾದು ಹಿಗ್ಗಿ, ಹಿಂದಕ್ಕೆ ಚಿಮ್ಮುವದೇ ಅದರ ಯುಕ್ತಿ. ೧೯೬೪ರ ಮೇ ತಿಂಗಳಲ್ಲಿ ನೆವಾಡಾ ಮರುಭೂಮಿಯಲ್ಲಿ ಅದರ ಎಂಜಿನು ನೆಲದ ಮೇಲೆಯೇ ಸುಮಾರು ಐದು ನಿಮಿಷ ನಡೆದು ೫೦೦ ಮೆಗಾವಾಟಿಗೂ ಮಿಕ್ಕಿದ ಶಕ್ತಿಯನ್ನು ಕೊಟ್ಟಿತು. ಯುಕ್ತಿಯೇನೋ ಫಲಿಸಿತು, ಆದರೂ ಜುಲೈ ೧ಕ್ಕೆ ಯೋಜನೆಯನ್ನು ಮುಚ್ಚಿದರು. ಕವಚವಿಲ್ಲದ ಆ ಬೆಂಕಿಯು ಶತ್ರುವಿನ ನೆಲವನ್ನು ಮುಟ್ಟುವದಕ್ಕೆ ಮೊದಲು ಮಿತ್ರರ ನೆಲದ ಮೇಲೆ ಹಾಯಬೇಕಾಗಿತ್ತು. ೨೦೧೮ರಲ್ಲಿ ರಶಿಯವು ಇಂಥದೇ ಕ್ಷಿಪಣಿಯ ಸುದ್ದಿಯನ್ನು ಸಾರಿತು; ೨೦೨೫ರಲ್ಲಿ ಅದು ೧೪,೦೦೦ ಕಿಲೋಮೀಟರು ಹಾರಿತೆಂದು ಹೇಳಿಕೊಂಡಿತು.

ನಮ್ಮ ನಾಡಿನಲ್ಲಿ ಚಳ್ಳಕೆರೆಯ ಅಮೃತಮಹಲ ಕಾವಲುಗಳನ್ನು ನೋಡಬೇಕು. ಚಾಲಕರಹಿತ ವಿಮಾನಗಳ ಪರೀಕ್ಷಾಕ್ಷೇತ್ರವೂ ಭಾಭಾ ಪರಮಾಣು ಸಂಶೋಧನ ಕೇಂದ್ರದ ಭೂಮಿಯೂ ಆ ಒಂದೇ ಸೀಮೆಯಲ್ಲಿವೆ. ಆದರೆ ೨೦೧೬ರ ನವೆಂಬರದಲ್ಲಿ ಅಲ್ಲಿ ಮೊದಲು ಹಾರಿದ ರುಸ್ತುಂ-೨ ಎಣ್ಣೆಯಿಂದಲೇ ಹಾರಿತು. ೨೦೨೪ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಪ್ರಯೋಗಶಾಲೆಯವರ ವಿಮಾನವು ಬಿಸಿಲಿನ ಬಲದಿಂದ ಎಂಟೂವರೆ ತಾಸು ಅಲ್ಲಿಯೇ ಹಾರಿತು. ಯುರೋಪಿನ 'ಜೆಫಿರ್' ೨೦೨೨ರಲ್ಲಿ ಇದೇ ಬಿಸಿಲಿನಿಂದ ೬೪ ದಿವಸ ಆಕಾಶದಲ್ಲಿತ್ತು.

ಕಾವಲುಗಳ ಭೂಮಿಯನ್ನು ಹೀಗೆ ಹಂಚಿದುದರ ವ್ಯಾಜ್ಯವು ೨೦೧೩ರಲ್ಲಿ ಹಸಿರು ನ್ಯಾಯಮಂಡಳಿಯನ್ನು ಮುಟ್ಟಿತು. ದನಗಳ ಮೇವಿನ ವಿಷಯದಲ್ಲಿಯೇ ಇಷ್ಟು ವಾದವಿರುವಾಗ, ಎರೆಹೊಲಗಳ ಮೇಲೆ ಪರಮಾಣುವಿನ ಬೆಂಕಿಯನ್ನು ಹೊತ್ತು ಸುಳಿಯುವ ಯಂತ್ರದ ವಿಷಯದಲ್ಲಿ ಹೊಲದವನ ಮಾತನ್ನು ಕೇಳದೆ ಇರಲಾದೀತೇ? ಮೇಲೆ ಕೂಡ್ರುವವನಿಲ್ಲವೆಂದು ಕವಚವನ್ನು ಬಿಡಬಹುದು. ಕೆಳಗೆ ಬಾಳುವವನು ಇದ್ದೇ ಇರುವನು.