ಹೋಲೊಕಾಸ್ಟ್ ನೆನಪು ಮತ್ತು ಯಹೂದಿ ಅಸ್ಮಿತೆ

ಎರಡನೇ ಮಹಾಯುದ್ಧದ ಕಾಲದಲ್ಲಿ ನಾಝಿ ಜರ್ಮನಿ ಮತ್ತು ಅದರ ಸಹಚರರು ಯುರೋಪಿನ ಸುಮಾರು 60 ಲಕ್ಷ ಯಹೂದಿಯರನ್ನು ಕೊಂದ ನರಮೇಧವೇ ಹೋಲೊಕಾಸ್ಟ್. ಹೀಬ್ರೂ ಭಾಷೆಯಲ್ಲಿ ಇದನ್ನು ‘ಶೋಆ’, ಅಂದರೆ ಮಹಾವಿಪತ್ತು ಎನ್ನುತ್ತಾರೆ.

ಈ ನೆನಪು ಇಂದು ಯಹೂದಿ ಗುರುತಿನ ಕೇಂದ್ರದಲ್ಲಿದೆ. ಆದರೆ ಮೊದಲಿನಿಂದಲೂ ಹೀಗಿರಲಿಲ್ಲ. ಬದುಕುಳಿದು ಇಸ್ರೇಲ್‌ಗೆ ಬಂದವರಲ್ಲಿ ಅನೇಕರು ಬಾಯಿ ಬಿಡಲಿಲ್ಲ, ಕೇಳುವವರೂ ಕಮ್ಮಿಯಿದ್ದರು. ಬಂದೂಕು ಹಿಡಿದು ಹೋರಾಡಿದವರಿಗೆ ಸಿಕ್ಕ ಗೌರವ ಶಿಬಿರಗಳಲ್ಲಿ ನರಳಿದವರಿಗೆ ಸಿಗಲಿಲ್ಲ. 1961ರಲ್ಲಿ ಜೆರುಸಲೇಮಿನಲ್ಲಿ ಶುರುವಾದ ನಾಝಿ ಅಧಿಕಾರಿ ಅಡಾಲ್ಫ್ ಐಖ್‌ಮನ್‌ನ ವಿಚಾರಣೆ ಇದನ್ನು ಬದಲಿಸಿತು. ನೂರಕ್ಕೂ ಹೆಚ್ಚು ಮಂದಿ ಸಾಕ್ಷಿ ನುಡಿದರು. ಆ ಮಾತುಗಳನ್ನು ರೇಡಿಯೊ ಮನೆಮನೆಗೆ ಮುಟ್ಟಿಸಿತು.

ಈಗ ಹೀಬ್ರೂ ಪಂಚಾಂಗದ ನಿಸಾನ್ ತಿಂಗಳ ಸ್ಮರಣೆಯ ದಿನ ಇಸ್ರೇಲ್‌ನಲ್ಲಿ ಎರಡು ನಿಮಿಷ ಸೈರನ್ ಮೊಳಗುತ್ತದೆ, ವಾಹನಗಳು ನಡುರಸ್ತೆಯಲ್ಲೇ ನಿಲ್ಲುತ್ತವೆ. ಕಟ್ಟಾ ಸಂಪ್ರದಾಯಸ್ಥರಲ್ಲಿ ಹಲವರಿಗೆ ಇದು ಒಪ್ಪಿಗೆಯಿಲ್ಲ. ಪ್ರಾರ್ಥನೆ ಮತ್ತು ಹಳೆಯ ಶೋಕದಿನಗಳೇ ಸಾಕು ಎಂಬುದು ಅವರ ವಾದ. ಪ್ಯೂ ಸಂಶೋಧನಾ ಕೇಂದ್ರದ 2020ರ ಸಮೀಕ್ಷೆಯಲ್ಲಿ, ಯಹೂದಿಯಾಗಿರಲು ಹೋಲೊಕಾಸ್ಟ್ ನೆನಪು ಅತ್ಯಗತ್ಯ ಎಂದ ಅಮೆರಿಕದ ಯಹೂದಿಯರು ಶೇ. 76. ಧರ್ಮಶಾಸ್ತ್ರದ ಪಾಲನೆ ಅತ್ಯಗತ್ಯ ಎಂದವರು ಬರೀ ಶೇ. 15.

ನೆನಪಿನ ಪಾಠದ ಬಗ್ಗೆ ಯಹೂದಿಯರಲ್ಲೇ ಒಮ್ಮತವಿಲ್ಲ. ‘ಇನ್ನೆಂದೂ ಆಗಬಾರದು’ ಎಂಬುದು ನಮಗೆ ಮಾತ್ರವೋ, ಯಾರಿಗೂ ಆಗಬಾರದೆಂದೋ? ಬಾಲ್ಯದಲ್ಲೇ ಆಶ್ವಿಟ್ಝ್ ಶಿಬಿರ ಕಂಡಿದ್ದ ಇಸ್ರೇಲಿ ಚಿಂತಕ ಯೆಹುದಾ ಎಲ್ಕಾನಾ, 1988ರಲ್ಲಿ ಫೆಲೆಸ್ತೀನಿಯರ ಮೊದಲ ಇಂತಿಫಾದಾ ನಡೆಯುತ್ತಿದ್ದಾಗ ‘ಹಾರೆಟ್ಝ್’ ಪತ್ರಿಕೆಯಲ್ಲಿ ಈ ಪ್ರಶ್ನೆ ಎತ್ತಿದರು. ಹೋಲೊಕಾಸ್ಟ್‌ನ ಭಯವೇ ಫೆಲೆಸ್ತೀನಿಯರೊಂದಿಗಿನ ಇಸ್ರೇಲ್‌ನ ನಡೆಯನ್ನು ನಿರ್ಧರಿಸುತ್ತಿದೆ ಎಂದು ಅವರು ಎಚ್ಚರಿಸಿದ್ದರು. ಆ ಚರ್ಚೆ ಇಂದಿಗೂ ಮುಗಿದಿಲ್ಲ.