ಕೂತು ಕುಡಿದ ಕಾಫಿ: ಬೆಂಗಳೂರಿನ ಮರೆಯಾದ ತಾಣಗಳು



ಪರದೇಶದಲ್ಲಿ ನೆಲೆಸಿದ ಬೆಂಗಳೂರಿಗರಿಬ್ಬರು ಒಂದೆಡೆ ಸೇರಿದರೆ, ಹವಾಮಾನ ಹಾಗೂ ಮಕ್ಕಳ ಓದಿನ ವಿಚಾರ ಮುಗಿದ ಮೇಲೆ ಮಾತು ತಿರುಗುವುದು ದೋಸೆಯ ಕಡೆಗೆ. ಯಾವ ಹೋಟೆಲು ಮುಚ್ಚಿತು, ಯಾವ ಚಿತ್ರಮಂದಿರ ಉರುಳಿತು ಎಂಬ ಪಟ್ಟಿ ಬೆಳೆಯುತ್ತದೆ. ಕೊನೆಗೆ ಈಗಿನ ಬೆಂಗಳೂರು ನಮ್ಮದಲ್ಲವೆಂಬ ನಿಟ್ಟುಸಿರಿನೊಂದಿಗೆ ಸಭೆ ಮುಗಿಯುತ್ತದೆ. ಆ ನಿಟ್ಟುಸಿರಿಗೆ ನಾನೂ ಹೊರತಲ್ಲ. ಆದರೂ ಇಂದು ತಮ್ಮ ಮುಂದೆ ಆ ಪಟ್ಟಿಯನ್ನು ಮತ್ತೊಮ್ಮೆ ಓದುವುದಕ್ಕಿಂತ, ಈ ತಾಣಗಳು ಹೇಗೆ ಹುಟ್ಟಿದವು, ಯಾರಿಗೆ ತೆರೆದಿದ್ದವು, ಏಕೆ ಮರೆಯಾದವು, ಅವುಗಳೊಂದಿಗೆ ನಿಜವಾಗಿ ಹೋದದ್ದೇನು ಎಂಬುದನ್ನು ವಿಚಾರ ಮಾಡೋಣವೆಂದು ಬಯಸುತ್ತೇನೆ.

ನಮ್ಮ ಬಾಲ್ಯದ ಬೆಂಗಳೂರು ಎರಡು ಊರುಗಳ ಬೆಸುಗೆ. 1537ರಲ್ಲಿ ಕೆಂಪೇಗೌಡರು ಕಟ್ಟಿದ ಪೇಟೆ ಒಂದು, 1809ರಲ್ಲಿ ಬ್ರಿಟಿಷರು ನೆಲೆಗೊಳಿಸಿದ ದಂಡು ಇನ್ನೊಂದು. ಎರಡಕ್ಕೂ ಬೇರೆ ಬೇರೆ ಆಡಳಿತವಿತ್ತು. ಅವು ಕೂಡಿ ಒಂದೇ ಕಾರ್ಪೊರೇಷನ್ ಆದದ್ದು 1949ರಲ್ಲಿ. 1898ರ ಪ್ಲೇಗು ಪೇಟೆಯ ಇಕ್ಕಟ್ಟಾದ ಓಣಿಗಳನ್ನು ಕಾಡಿದ ತರುವಾಯ ಬಸವನಗುಡಿ, ಮಲ್ಲೇಶ್ವರಗಳಂಥ ಬಡಾವಣೆಗಳು ಬೆಳೆದವು. ಅಲ್ಲಿಗೆ ಬಂದ ಗುಮಾಸ್ತರು, ಉಪಾಧ್ಯಾಯರು, ವಕೀಲರು, ದೂರದೂರಿನಿಂದ ಓದಲು ಬಂದ ಹುಡುಗರು ಇವರಿಗೆಲ್ಲ ಹೊತ್ತು ಹೊತ್ತಿಗೆ ತಿಂಡಿ ಬೇಕಿತ್ತು. ಕರಾವಳಿಯಲ್ಲಿ ಅಡಿಗೆ ಬಲ್ಲವರಿಗೆ ದುಡಿಮೆ ಬೇಕಿತ್ತು. ಈ ಎರಡು ಅಗತ್ಯಗಳು ಸೇರಿದಲ್ಲಿ ನಮ್ಮ ಉಡುಪಿ ಹೋಟೆಲು ಹುಟ್ಟಿತು. ಉಡುಪಿಯ ಕಡೆಯಿಂದ ಬಂದ ಮೈಯ್ಯ ಸಹೋದರರ ಹೋಟೆಲು 1924ರಲ್ಲಿ, ಗಾಂಧಿಬಜಾರಿನ ವಿದ್ಯಾರ್ಥಿ ಭವನ 1943ರಲ್ಲಿ, ಮಲ್ಲೇಶ್ವರದ ಸಂಪಿಗೆ ರಸ್ತೆಯ ನ್ಯೂ ಕೃಷ್ಣ ಭವನ 1954ರಲ್ಲಿ ಆರಂಭವಾದವು.

ದಂಡಿನ ಕಡೆಯ ಕತೆ ಬೇರೆ. ಸೌತ್ ಪೆರೇಡ್ ಎಂದು ಕರೆಯುತ್ತಿದ್ದ ಇಂದಿನ ಮಹಾತ್ಮ ಗಾಂಧಿ ರಸ್ತೆಯಲ್ಲಿ 1936ರಲ್ಲಿ ಪ್ಲಾಜಾ ಚಿತ್ರಮಂದಿರ ತಲೆಯೆತ್ತಿತು. ರೆಸಿಡೆನ್ಸಿ ರಸ್ತೆಯಲ್ಲಿ ಮರಗಳ ನೆರಳಿನ ವಿಕ್ಟೋರಿಯಾ ಹೋಟೆಲಿತ್ತು. ಇಂಡಿಯಾ ಕಾಫಿ ಹೌಸಿಗೂ ನಮ್ಮ ಮಲೆನಾಡಿಗೂ ನಂಟುಂಟು. ಬೆಳೆಗಾರರ ಕಾಫಿಗೆ ದೇಶದೊಳಗೇ ಮಾರುಕಟ್ಟೆ ಹುಡುಕುವ ಸಲುವಾಗಿ 1930ರ ದಶಕದಲ್ಲಿ ಆರಂಭವಾದ ಕಾಫಿ ಹೌಸುಗಳನ್ನು ಮುಂದೆ ಕಾಫಿ ಮಂಡಳಿ ನಡೆಸಿತು. 1950ರ ದಶಕದ ನಡುವೆ ಮಂಡಳಿ ಅವುಗಳನ್ನು ಮುಚ್ಚಹೊರಟಾಗ, ಎ. ಕೆ. ಗೋಪಾಲನ್ ಅವರ ಮಾರ್ಗದರ್ಶನದಲ್ಲಿ ಕೆಲಸಗಾರರೇ ಸಹಕಾರ ಸಂಘ ಕಟ್ಟಿಕೊಂಡರು. ಅಂಥ ಮೊದಲ ಸಂಘ 1957ರಲ್ಲಿ ಸ್ಥಾಪಿತವಾದದ್ದು ಬೆಂಗಳೂರಿನಲ್ಲಿಯೇ. ಬಿಳಿಯ ಉಡುಪು, ರುಮಾಲು ಧರಿಸಿ ನಮಗೆ ಕಾಫಿ ತಂದುಕೊಡುತ್ತಿದ್ದವರು ಆ ಸಂಸ್ಥೆಯ ಆಳುಗಳಲ್ಲ, ಒಡೆಯರು. ಎಂಬತ್ತರ ದಶಕದ ಕೊನೆಯಲ್ಲಿ ವೈದ್ಯಕೀಯ ವಿದ್ಯಾರ್ಥಿಗಳಾಗಿ ಒಂದು ಕಾಫಿಗೆ ಎರಡು ಗಂಟೆ ಕೂರುತ್ತಿದ್ದ ನಮ್ಮನ್ನು ಅವರು ಎಂದೂ ಎಬ್ಬಿಸಲಿಲ್ಲ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತನ್ನೂ ಹೇಳಬೇಕು. ನೆನಪು ಸಿಹಿಯನ್ನಷ್ಟೇ ಉಳಿಸಿಕೊಳ್ಳುತ್ತದೆ, ಇತಿಹಾಸಕ್ಕೆ ಆ ಸ್ವಾತಂತ್ರ್ಯವಿಲ್ಲ. ಇಂದಿನ ಮಾವಳ್ಳಿ ಟಿಫನ್ ರೂಮಿನ ಮೊದಲ ಹೆಸರು ಬ್ರಾಹ್ಮಣ ಕಾಫಿ ಕ್ಲಬ್. ಅಂದಿನ ಅನೇಕ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಬೇರೆ ಕೋಣೆ, ಬೇರೆ ಪಂಕ್ತಿ ಇರುತ್ತಿತ್ತು. ದಲಿತರಿಗೆ ಬಾಗಿಲೇ ಮುಚ್ಚಿತ್ತು. 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ 15ನೆಯ ವಿಧಿ ಅಂಗಡಿಗಳನ್ನೂ ಸಾರ್ವಜನಿಕ ಹೋಟೆಲುಗಳನ್ನೂ ಹೆಸರಿಸಿ, ಜಾತಿಯ ಕಾರಣದಿಂದ ಅಲ್ಲಿ ಯಾರನ್ನೂ ತಡೆಯಕೂಡದೆಂದು ವಿಧಿಸಿತು. ದೇಶದ ಮೂಲಶಾಸನದಲ್ಲಿ ಹೋಟೆಲಿನ ಪ್ರಸ್ತಾಪ ಬರಬೇಕಾದರೆ, ಅಲ್ಲಿ ಒಂದು ಕುರ್ಚಿ ಸಿಗುವುದೆಂದರೆ ಎಷ್ಟು ದೊಡ್ಡ ಪ್ರಶ್ನೆಯಾಗಿತ್ತೆಂದು ಊಹಿಸಬಹುದು. ಹಾಗೆಯೇ, ನಾವು ಶಾಲೆಯ ಚೀಲ ಹೊತ್ತು ದೋಸೆ ತಿನ್ನಲು ಹೋದಾಗ ಮೇಜು ಒರೆಸಲು ಬರುತ್ತಿದ್ದ ಮಾಣಿ ಎಷ್ಟೋ ಕಡೆ ನಮ್ಮದೇ ವಯಸ್ಸಿನವನು. ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಹೋಟೆಲುಗಳಲ್ಲಿ ದುಡಿಸುವುದನ್ನು ಕೇಂದ್ರ ಸರ್ಕಾರ ನಿಷೇಧಿಸಿದ್ದು 2006ರಲ್ಲಿ. ಹಳೆಯದೆಲ್ಲ ಹೊನ್ನಾಗಿರಲಿಲ್ಲ. ಎಲ್ಲರೂ ಒಂದೇ ಸೂರಿನಡಿ ಜೊತೆಯಾಗಿ ಕುಳಿತು ಕಾಫಿ ಕುಡಿಯುವ ಕಾಲ ಬಂದದ್ದೇ ತಡವಾಗಿ.

ಇನ್ನು, ಇವು ಏಕೆ ಮರೆಯಾದವು? ನನ್ನ ವೃತ್ತಿಯಲ್ಲಿ ಮರಣಪತ್ರ ಬರೆಯುವಾಗ ತಕ್ಷಣದ ಕಾರಣ ಬೇರೆ, ಮೂಲ ಕಾರಣ ಬೇರೆ ಎಂದು ಎರಡನ್ನೂ ನಮೂದಿಸುವ ಪದ್ಧತಿಯಿದೆ. ಇಲ್ಲಿಯೂ ಅದು ಉಪಯೋಗಕ್ಕೆ ಬರುತ್ತದೆ. ತಕ್ಷಣದ ಕಾರಣಗಳು ಹಲವು. ವಿಕ್ಟೋರಿಯಾ ಹೋಟೆಲನ್ನು ಕೆಡವಿದ ಜಾಗದಲ್ಲಿ 2004ರಲ್ಲಿ ದೊಡ್ಡ ಮಳಿಗೆ ಬಂದಿತು. ಪ್ಲಾಜಾ ಮೆಟ್ರೋ ಕಾಮಗಾರಿಗೆ ಎಡೆಮಾಡಿಕೊಟ್ಟಿತು. ಆ ರಸ್ತೆಯ ನಿಲ್ದಾಣದಿಂದ 2011ರಲ್ಲಿ ರೈಲು ಓಡಿತು. ಕಾಫಿ ಹೌಸ್ 2009ರಲ್ಲಿ ತನ್ನ ಹಳೆಯ ಕಟ್ಟಡವನ್ನು ಬಿಟ್ಟು ಚರ್ಚ್ ಸ್ಟ್ರೀಟಿಗೆ ಹೋಯಿತು. ಅದೇ ವರ್ಷ ಟಿ. ಎಸ್. ಶಾನಭಾಗರ ಪ್ರೀಮಿಯರ್ ಪುಸ್ತಕದಂಗಡಿಯೂ ಮುಚ್ಚಿತು. ನೆಲದಿಂದ ಮೇಲಕ್ಕೆ ಗೋಡೆಯಂತೆ ಪೇರಿಸಿದ ಪುಸ್ತಕಗಳ ನಡುವಿನಿಂದ, ಕೇಳಿದ್ದನ್ನು ಕ್ಷಣದಲ್ಲಿ ಎಳೆದುಕೊಡುತ್ತಿದ್ದ ಆ ಮಿತಭಾಷಿ 2021ರಲ್ಲಿ ತೀರಿಕೊಂಡರು. ನ್ಯೂ ಕೃಷ್ಣ ಭವನ ಸುಮಾರು ಎಪ್ಪತ್ತು ವರ್ಷ ನಡೆದು 2023ರ ಡಿಸೆಂಬರಿನಲ್ಲಿ ಬಾಗಿಲೆಳೆಯಿತು.

ಜನರ ರುಚಿ ಬದಲಾಯಿತು, ಪಿಜ್ಜಾ ಬಂದು ದೋಸೆಯನ್ನು ಓಡಿಸಿತು ಎಂದು ನಾವು ಹೇಳುವುದುಂಟು. ಇದು ನಿಜವಲ್ಲ. ನ್ಯೂ ಕೃಷ್ಣ ಭವನದ ಕೊನೆಯ ದಿನಗಳಲ್ಲಿ ಜನ ಸಾಲುಗಟ್ಟಿ ನಿಂತಿದ್ದರು. ಗಿರಾಕಿ ಇಲ್ಲದೆ ಸೊರಗಿದ ಸಂಸ್ಥೆಗಳಲ್ಲ ಇವು. ಇವುಗಳಲ್ಲಿ ಹೆಚ್ಚಿನವುಗಳ ಮೂಲ ಕಾರಣ ನೆಲದ ಬೆಲೆ. ತೊಂಬತ್ತರ ದಶಕದಿಂದೀಚೆಗೆ ತಂತ್ರಾಂಶ ಉದ್ಯಮದೊಂದಿಗೆ ಏರಿದ ಆ ಬೆಲೆಯಲ್ಲಿ ಹೊರದೇಶದಿಂದ ಬಂದ ಹಣದ ಪಾಲೂ ಇದೆ. ಬೈ-ಟೂ ಕಾಫಿ ತರಿಸಿ ಒಂದು ಗಂಟೆ ಕೂರುವ ಇಬ್ಬರಿಂದ ಆಗುವ ಗಳಿಕೆ, ಅವರು ಕೂತ ನೆಲದ ಬಾಡಿಗೆಗೆ ಸಾಲದು. ಜೊತೆಗೆ, ಗಲ್ಲಾದ ಮುಂದೆ ಕೂರಬೇಕಾಗಿದ್ದ ಮಗ ಎಂಜಿನಿಯರನೋ ವೈದ್ಯನೋ ಆಗಿ ಸಮುದ್ರ ದಾಟಿರುತ್ತಾನೆ. ಅಂಥವರು ಈ ಸಭೆಯಲ್ಲಿಯೂ ಇದ್ದಾರು.

ಈ ಒತ್ತಡಕ್ಕೆ ನಗರ ತಾನೇ ಒಂದು ಉತ್ತರ ಕಂಡುಕೊಂಡಿತು. 1983ರಲ್ಲಿ ಜಯನಗರದಲ್ಲಿ ಆರಂಭವಾದ ಕೆಫೆ ದರ್ಶಿನಿಯ ಮಾದರಿಯಲ್ಲಿ ಬೀದಿಬೀದಿಗೂ ದರ್ಶಿನಿಗಳು ಬಂದವು. ಕಣ್ಣೆದುರೇ ಅಡಿಗೆ, ಚೊಕ್ಕಟವಾದ ಪಾತ್ರೆ, ಕೈಗೆಟುಕುವ ಬೆಲೆ, ಜಾತಿ ಕೇಳದ ಕೌಂಟರು ಇವೆಲ್ಲ ಅವುಗಳ ಗುಣಗಳು. ಆದರೆ ಅಗ್ಗವಾಗಿ ಕೊಡುವ ಸಲುವಾಗಿ ಅವು ಒಂದನ್ನು ತೆಗೆದುಹಾಕಿದವು: ಕುರ್ಚಿಯನ್ನು. ನಿಂತವನು ಹತ್ತು ನಿಮಿಷದಲ್ಲಿ ತಿಂದು ಹೊರಡುತ್ತಾನೆ. ಮತ್ತೊಂದು ಉತ್ತರ ನಮ್ಮ ಮನೆಗಳಿಗೇ ಬಂದಿದೆ. ತುರ್ತುಪರಿಸ್ಥಿತಿಯ ಕಾಲದಲ್ಲಿ ಸರ್ಕಾರ ಹೋಟೆಲು ತಿಂಡಿಗಳ ಬೆಲೆ ಇಳಿಸುವಂತೆ ಕಟ್ಟುಮಾಡಿದಾಗ, ಮೈಯ್ಯ ಕುಟುಂಬದವರು ಹೋಟೆಲನ್ನು ಮುಚ್ಚಬೇಕಾಯಿತು. ಆಗ ಆರಂಭವಾದದ್ದೇ ತಿಂಡಿಯ ಮಿಶ್ರಣಗಳ, ಸಾರಿನ ಪುಡಿಯ ವ್ಯಾಪಾರ. ಹೋಟೆಲು ಮತ್ತೆ ತೆರೆಯಿತು. ಪೊಟ್ಟಣದ ಉದ್ಯಮವೂ ಬೆಳೆದು 2007ರಲ್ಲಿ ನಾರ್ವೆಯ ಓರ್ಕ್ಲಾ ಕಂಪನಿಯ ಕೈಸೇರಿತು. ಇಲ್ಲಿನ ಭಾರತೀಯ ಅಂಗಡಿಯಲ್ಲಿ ನಾವು ಕೊಳ್ಳುವ ರವೆ ಇಡ್ಲಿಯ ಪೊಟ್ಟಣದ ಹಿಂದೆ ಈ ಕತೆಯಿದೆ. ರುಚಿ ಉಳಿಯಿತು, ಸಮುದ್ರವನ್ನೂ ದಾಟಿತು. ಹೋದದ್ದು ರುಚಿಯಲ್ಲ.

ಹೋದದ್ದು, ಹೆಚ್ಚು ಹಣ ತೆರದೆ ನಾಲ್ಕು ಜನರ ನಡುವೆ ಕೂರುವ ಅವಕಾಶ. ಇದು ನನಗೆ ಬರಿಯ ಭಾವುಕತೆಯಾಗಿ ಕಾಣುವುದಿಲ್ಲ. ನಮ್ಮಲ್ಲಿ ಅನೇಕರ ವೃದ್ಧ ತಂದೆತಾಯಿಗಳು ಬಸವನಗುಡಿಯಲ್ಲೋ ಮಲ್ಲೇಶ್ವರದಲ್ಲೋ ಒಬ್ಬರೇ ಇದ್ದಾರೆ. ಪಿಂಚಣಿ ಬಂದ ಮೇಲೆ ಇಪ್ಪತ್ತು ವರ್ಷ ದಿನವೂ ಬೆಳಿಗ್ಗೆ ನಡೆದುಹೋಗಿ ಅದೇ ಮೇಜಿನಲ್ಲಿ ಕೂರುತ್ತಿದ್ದ ಹಿರಿಯರಿಗೆ ಅದೇ ವ್ಯಾಯಾಮ, ಅದೇ ವಾರ್ತೆ, ಅದೇ ಸ್ನೇಹ. ಎರಡು ದಿನ ಕಾಣದಿದ್ದರೆ ಗಲ್ಲಾದ ಯಜಮಾನರು "ರಾಯರು ಏಕೆ ಬರಲಿಲ್ಲ?" ಎಂದು ವಿಚಾರಿಸುತ್ತಿದ್ದರು, ಮನೆಗೆ ಮಾಣಿಯನ್ನು ಅಟ್ಟುತ್ತಿದ್ದರು. ಒಂಟಿತನ ಹೃದಯಕ್ಕೂ ಮೆದುಳಿಗೂ ಕೆಡುಕೆಂದು ಇಂದಿನ ವೈದ್ಯಶಾಸ್ತ್ರ ಹೇಳುತ್ತಿದೆ. ಆ ಯಜಮಾನರು ಶಾಸ್ತ್ರ ಓದದೆಯೇ ಅದಕ್ಕೆ ಮದ್ದು ಕೊಡುತ್ತಿದ್ದರು. ಹೋಟೆಲು ಮುಚ್ಚಿದ ದಿನ ಆ ಹಿರಿಯರ ನಡಿಗೆಯೂ ನಿಲ್ಲುತ್ತದೆ. ದೂರವಾಣಿಯಲ್ಲಿ ಅವರು ಅದನ್ನು ನಮಗೆ ಹೇಳುವುದಿಲ್ಲ.

ಆದ್ದರಿಂದ ನನ್ನ ಬಿನ್ನಹ ಎರಡು. ವಿದ್ಯಾರ್ಥಿ ಭವನ, ಮಾವಳ್ಳಿ ಟಿಫನ್ ರೂಮಿನಂಥ ತಾಣಗಳು ಇನ್ನೂ ಉಳಿದಿವೆ. ಊರಿಗೆ ಹೋದಾಗ ಮಕ್ಕಳೊಂದಿಗೆ ತಂದೆತಾಯಿಗಳನ್ನೂ ಕರೆದೊಯ್ಯಿರಿ. ಅವರು ಯೌವನದಲ್ಲಿ ಎಲ್ಲಿ ಕೂರುತ್ತಿದ್ದರು, ಯಾರೊಡನೆ, ಯಾರಿಗೆ ಅಲ್ಲಿ ಪ್ರವೇಶವಿರಲಿಲ್ಲ ಎಂಬುದನ್ನೆಲ್ಲ ಕೇಳಿ ಬರೆದಿಟ್ಟುಕೊಳ್ಳಿ, ಏಕೆಂದರೆ ಈ ಚರಿತ್ರೆ ಸರ್ಕಾರದ ಕಡತಗಳಲ್ಲಿ ಸಿಗುವುದಿಲ್ಲ. ಎರಡನೆಯದು, ಮುಂದಿನ ಭಾನುವಾರ ಊರಿಗೆ ಫೋನು ಮಾಡಿದಾಗ, ಊಟವಾಯಿತೇ, ಮಾತ್ರೆ ತೆಗೆದುಕೊಂಡಿರಾ ಎಂದು ಕೇಳಿದ ಮೇಲೆ ಇನ್ನೊಂದು ಮಾತನ್ನೂ ಕೇಳಿರಿ: "ಅಪ್ಪಾ, ಈ ವಾರ ಎಲ್ಲಿ ಹೋಗಿ ಕೂತಿದ್ದಿರಿ? ಜೊತೆಗೆ ಯಾರಿದ್ದರು?"